ತಾರಸಿಯಲ್ಲಿ ಮೊಬೈಲ್ ಟವರ್: ಮೊದಲು ನೀವೇ ಹಣ ಕಟ್ಟಬೇಕೇ?

‘ನಿಮ್ಮ ತಾರಸಿಯಲ್ಲಿ ಟವರ್ ಹಾಕಿಸಿ, ಲಕ್ಷಾಂತರ ರೂಪಾಯಿ ಮುಂಗಡ ಪಡೆಯಿರಿ. ಮೊದಲು ಟ್ರಾಯ್ ಎನ್‌ಒಸಿ ಶುಲ್ಕ ಕಟ್ಟಿ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ವಂಚನೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಟವರ್‌ಗೆ ಎನ್‌ಒಸಿ ಕೊಡುವುದೂ ಇಲ್ಲ, ಶುಲ್ಕ ಕೇಳುವುದೂ ಇಲ್ಲ.

ಹಾಗಾದರೆ ನಿಜವಾಗಿ ಏನು ನಡೆಯುತ್ತದೆ?

ಸಿಗ್ನಲ್ ಎಲ್ಲಿ ಸಾಲದು ಎಂದು ನೋಡಿಕೊಂಡು ಕಂಪನಿಯೇ ಜಾಗ ಹುಡುಕುತ್ತದೆ. ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಮೊದಲ ಪ್ರಶ್ನೆಯೇ ಭಾರದ್ದು. ಕಂಬ, ಆಂಟೆನಾ, ಬ್ಯಾಟರಿಗಳ ಜೊತೆಗೆ ಗಾಳಿಯ ಒತ್ತಡವನ್ನೂ ಕಟ್ಟಡ ತಾಳುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಸ್ಥಳಕ್ಕೆ ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಆಮೇಲೆ ಅಗತ್ಯವಿರುವ ಅನುಮತಿ, ಬೆಸ್ಕಾಂ ವಿದ್ಯುತ್ ಸಂಪರ್ಕ, ಅರ್ತಿಂಗ್, ಸಿಡಿಲು ನಿರೋಧಕ. ಅನುಮತಿಗೆ ಅರ್ಜಿ ಹಾಕುವುದು, ಶುಲ್ಕ ಕಟ್ಟುವುದು ಕಂಪನಿಯ ಕೆಲಸ. ಮಾಲೀಕರಿಗೆ ಕರಾರಿನಂತೆ ಬಾಡಿಗೆ ಬರುತ್ತದೆ.

ಮನೆಯನ್ನೇ ನೋಡದೆ ‘ನಿಮ್ಮ ಜಾಗ ಆಯ್ಕೆಯಾಗಿದೆ’ ಎಂದರೆ ಅಲ್ಲೇ ಎಚ್ಚರವಾಗಿ. ಅಂಥ ಸಂದೇಶವನ್ನು ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾತ್ರ ಮಾಡಬೇಡಿ.