ಜಗಲಿಯವರು ಹೇಳಿದ ತಾಳ್ಮೆ

‘ತಾಳಿದವನು ಬಾಳಿಯಾನು’ ಎಂಬ ಗಾದೆ ಪುಲ್ಲಿಂಗದಲ್ಲಿದೆ. ಆದರೆ ಅದನ್ನು ಹೆಚ್ಚಾಗಿ ಕೇಳಿಸಿಕೊಳ್ಳುತ್ತ ಬಂದವರು ನಾವು ಹೆಂಗಸರು. ಗಂಡನ ಮನೆಗೆ ಹೊರಟಾಗ, ಯಾರದೋ ಮಾತು ಚುಚ್ಚಿದಾಗ, ಮನೆಯಲ್ಲಿ ಸಾವು ನೋವು ಬಂದಾಗ, ಎಲ್ಲಕ್ಕೂ ಒಂದೇ ಮದ್ದು: ‘ಮನಸ್ಸು ಗಟ್ಟಿ ಮಾಡಿಕೊಳ್ಳಮ್ಮ.’ ಹೇಗೆ ಗಟ್ಟಿ ಮಾಡಿಕೊಳ್ಳಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮುದ್ದೆ ಗಟ್ಟಿಯಾಗಲು ಎಷ್ಟು ಹಿಟ್ಟು ಬೇಕೆಂದು ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಮನಸ್ಸಿನ ವಿಷಯಕ್ಕೆ ಬಂದರೆ ಅಂಥ ಅಳತೆ ಯಾರ ಬಳಿಯೂ ಇಲ್ಲ.

ಆ ಅಳತೆಯನ್ನು ಹುಡುಕುತ್ತ ಸುಮಾರು ಐದುನೂರು ವರ್ಷ ಬಾಳಿದ ಪಂಥವೊಂದು ಗ್ರೀಸ್ ಮತ್ತು ರೋಮ್‌ಗಳಲ್ಲಿತ್ತು. ಕ್ರಿಸ್ತಪೂರ್ವ 300ರ ಸುಮಾರಿಗೆ ಝೆನೊ ಎಂಬಾತ ಅಥೆನ್ಸ್ ಪೇಟೆಯ ಪಕ್ಕದಲ್ಲಿ, ಚಿತ್ರಗಳಿಂದ ಅಲಂಕರಿಸಿದ ಕಂಬಸಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ. ಕಂಬಸಾಲೆಗೆ ಗ್ರೀಕ್ ಭಾಷೆಯಲ್ಲಿ ‘ಸ್ಟೋವಾ’ ಎನ್ನುತ್ತಾರೆ. ಹಾಗಾಗಿ ಅವನ ಅನುಯಾಯಿಗಳು ಸ್ಟೋಯಿಕರಾದರು. ನಮ್ಮ ಮಾತಿನಲ್ಲಿ ಅವರನ್ನು ‘ಜಗಲಿಯವರು’ ಎಂದರೆ ತಪ್ಪೇನಿಲ್ಲ.

ನಾನು ಈ ಜಗಲಿಯವರನ್ನು ಓದತೊಡಗಿದ್ದು ನಲವತ್ತು ದಾಟಿದ ಮೇಲೆ. ಅವರಲ್ಲಿ ನನಗೆ ಬಹಳ ಹತ್ತಿರದವನಾಗಿ ಕಂಡವನು ಎಪಿಕ್ಟೆಟಸ್. ಕ್ರಿ.ಶ. 50ರ ಸುಮಾರಿಗೆ, ಇಂದಿನ ಟರ್ಕಿಯಲ್ಲಿರುವ ಹೀರಾಪೊಲಿಸ್ ಎಂಬ ಊರಿನಲ್ಲಿ ಹುಟ್ಟಿದ ಗುಲಾಮ ಅವನು. ಕಾಲು ಕುಂಟು. ಅವನ ಒಡೆಯ ರೋಮಿನಲ್ಲಿ ನೀರೋ ಚಕ್ರವರ್ತಿಯ ಕಾರ್ಯದರ್ಶಿಯಾಗಿದ್ದ. ಮುಂದೆ ಬಿಡುಗಡೆ ಪಡೆದು ಗ್ರೀಸಿನ ನಿಕೊಪೊಲಿಸ್‌ನಲ್ಲಿ ಶಾಲೆ ನಡೆಸಿದ. ಅವನು ಸ್ವತಃ ಏನನ್ನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಬರೆದಿಟ್ಟುಕೊಂಡ ಪಾಠಗಳಲ್ಲಿ ನಾಲ್ಕು ಸಂಪುಟಗಳೂ ಒಂದು ಕೈಪಿಡಿಯೂ ನಮಗೆ ಉಳಿದಿವೆ.

ಅವನ ಪಾಠ ಸರಳ. ದೇಹ, ಆಸ್ತಿ, ಅಧಿಕಾರ, ಜನರ ಬಾಯಲ್ಲಿರುವ ನಮ್ಮ ಹೆಸರು, ಇವು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ನಮ್ಮ ಅಭಿಪ್ರಾಯ, ನಮ್ಮ ಬಯಕೆ, ನಾವು ಮಾಡುವ ಆಯ್ಕೆ ನಮ್ಮ ಕೈಯಲ್ಲಿವೆ. ಮನಸ್ಸಿನ ಹೊಸ್ತಿಲಿಗೆ ಮೊದಲು ಒಂದು ‘ತೋರಿಕೆ’ ಬಂದು ನಿಲ್ಲುತ್ತದೆ: ‘ಅವಮಾನವಾಯಿತು’, ‘ಎಲ್ಲ ಮುಗಿಯಿತು’ ಎಂದು. ಅದನ್ನು ಒಳಗೆ ಕರೆದು ಮಣೆ ಹಾಕಬೇಕೋ, ಅಲ್ಲೇ ನಿಲ್ಲಿಸಿ ‘ನೀನು ಯಾರು, ಎಲ್ಲಿಂದ ಬಂದೆ’ ಎಂದು ವಿಚಾರಿಸಬೇಕೋ ಎಂಬುದು ನಮಗೆ ಬಿಟ್ಟದ್ದು.

ಹಾಗಾದರೆ ಮನಸ್ಸು ಕಲ್ಲಾಗಬೇಕೇ? ಇಲ್ಲ. ರೋಮಿನ ಲೇಖಕ ಔಲಸ್ ಗೆಲಿಯಸ್ ಹೇಳುವ ಒಂದು ಪ್ರಸಂಗವಿದೆ. ಇಟಲಿಗೆ ಹೋಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಅದರಲ್ಲಿದ್ದ ಸ್ಟೋಯಿಕ್ ಪಂಡಿತನ ಮುಖವೂ ಬಿಳಿಚಿಕೊಂಡಿತು. ಗಾಳಿ ನಿಂತ ಮೇಲೆ ಶ್ರೀಮಂತ ಪ್ರಯಾಣಿಕನೊಬ್ಬ, ‘ನಿನಗೂ ಭಯವೇ?’ ಎಂದು ಹಂಗಿಸಿದ. ಬಳಿಕ ಗೆಲಿಯಸ್ ವಿನಯದಿಂದ ಕಾರಣ ಕೇಳಿದಾಗ, ಪಂಡಿತ ತನ್ನ ಚೀಲದಿಂದ ಎಪಿಕ್ಟೆಟಸನ ಪಾಠದ ಒಂದು ಸಂಪುಟ ತೆಗೆದುಕೊಟ್ಟ. ಎದೆ ಝಲ್ಲೆನ್ನುವುದು, ಮುಖದ ಬಣ್ಣ ಇಳಿಯುವುದು ಜ್ಞಾನಿಗೂ ತಪ್ಪಿದ್ದಲ್ಲ, ಅದು ದೇಹದ ಸಹಜ ಗುಣ. ಆಮೇಲೆ ‘ಹೌದು, ಇದು ಮಹಾ ಕೇಡು’ ಎಂದು ಬುದ್ಧಿ ಒಪ್ಪಿ ಸಹಿ ಹಾಕುತ್ತದೆಯೋ ಇಲ್ಲವೋ ಎಂಬಲ್ಲಿಯೇ ವ್ಯತ್ಯಾಸ ಎಂದು ಅದರಲ್ಲಿತ್ತು. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಳು ಬಂದರೆ ಅಳಬಹುದು ಎಂದು ಯಾರೋ ಅಪ್ಪಣೆ ಕೊಟ್ಟಂತಾಯಿತು.

ಒಮ್ಮೆ ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತಿದ್ದಾಗ, ಬಂಧುಗಳೊಬ್ಬರು ನಾಲ್ಕು ಜನರ ಎದುರು, ‘ನಿಮಗೇನು ಬಿಡಿ, ಇಬ್ಬರೂ ಹೆಣ್ಣುಮಕ್ಕಳೇ’ ಎಂದರು. ಮೈಯೆಲ್ಲ ಉರಿಯಿತು. ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು, ಎಡಗಡೆ ಆಕೆ ಆಡಿದ್ದನ್ನು ಬರೆದೆ. ನಾಲ್ಕೇ ಶಬ್ದ. ಬಲಗಡೆ ನಾನು ಸೇರಿಸಿಕೊಂಡದ್ದನ್ನು ಬರೆದೆ: ಎಲ್ಲರೂ ನಕ್ಕರು, ಇವರೆಲ್ಲ ಹಿಂದಿನಿಂದ ಹೀಗೇ ಆಡಿಕೊಳ್ಳುತ್ತಾರೆ, ಮಕ್ಕಳಿಗೆ ಗೊತ್ತಾದರೆ ಏನು ಗತಿ... ಬಲಗಡೆ ಜಾಗ ಸಾಲಲಿಲ್ಲ! ನಾಲ್ಕು ಶಬ್ದ ಆಕೆಯದು, ಮಿಕ್ಕ ಪುರಾಣ ನನ್ನದು. ಅಂದು ರಾತ್ರಿ ನಿದ್ದೆ ಬಂತು. ಮುಂದಿನ ಸಲ ಸಿಕ್ಕಾಗ, ‘ಅತ್ತಿಗೆ, ಆವತ್ತಿನ ಮಾತು ನನಗೆ ಸರಿಬರಲಿಲ್ಲ’ ಎಂದು ಸಮಾಧಾನವಾಗಿಯೇ ಹೇಳಿದೆ. ಉರಿ ಇಳಿದಿದ್ದರಿಂದಲೇ ಹೇಳಲು ಸಾಧ್ಯವಾಯಿತು.

ಇದನ್ನು ಕೇಳಿದ ನನ್ನ ಗೆಳತಿ ಮೂಗು ಮುರಿದಳು. ‘ಇದೂ ಅದೇ ಹಳೆಯ ರಾಗ ಅಲ್ವೇನೇ? ಪ್ರಪಂಚ ನಿನ್ನ ಕೈಲಿಲ್ಲ, ಬಾಯಿ ಮುಚ್ಚಿಕೊಂಡಿರು ಅಂತ.’ ಅವಳ ಪ್ರಶ್ನೆ ಸಣ್ಣದಲ್ಲ. ಗಂಡನ ಏಟು ತಿಂದು ತವರಿಗೆ ಬಂದವಳಿಗೂ ಇದೇ ತಾಳ್ಮೆಯ ಪಾಠ ಹೇಳಿ ವಾಪಸು ಕಳಿಸಿದ್ದನ್ನು ನಾವಿಬ್ಬರೂ ಕಂಡಿದ್ದೇವೆ. ಅದಕ್ಕೆ ಉತ್ತರವಾಗಿ ನಾನು ಅವಳಿಗೆ ಫಾನಿಯಾಳ ಕತೆ ಹೇಳಿದೆ.

ಫಾನಿಯಾ ರೋಮಿನ ಹೆಂಗಸು. ಅವಳ ಗಂಡ ಹೆಲ್ವಿಡಿಯಸ್ ಪ್ರಿಸ್ಕಸ್ ಸ್ಟೋಯಿಕ್ ಮತದ ಸೆನೆಟ್ ಸದಸ್ಯ. ಚಕ್ರವರ್ತಿಯ ಎದುರು ನಿಂತು ಮಾತನಾಡಿದ್ದಕ್ಕೆ ಪ್ರಾಣ ತೆತ್ತವನು. ಅವನ ಜೊತೆ ಫಾನಿಯಾ ಎರಡು ಸಲ ಗಡೀಪಾರು ಅನುಭವಿಸಿದ್ದಳು. ಅವನು ಸತ್ತ ಮೇಲೆ, ಅವನ ಜೀವನಚರಿತ್ರೆ ಬರೆಯಿರೆಂದು ಸೆನೆಸಿಯೊ ಎಂಬುವನನ್ನು ಕೇಳಿಕೊಂಡಳು. ಡೊಮಿಷಿಯನ್ ಆಳುತ್ತಿದ್ದಾಗ, ಕ್ರಿ.ಶ. 93ರಲ್ಲಿ, ಆ ಪುಸ್ತಕವೇ ಅಪರಾಧವಾಯಿತು. ಬರೆದವನಿಗೆ ಮರಣದಂಡನೆಯಾಯಿತು. ವಿಚಾರಣೆಯಲ್ಲಿ ಬೆದರಿಸಿ ಕೇಳಿದಾಗ ಫಾನಿಯಾ ಬರೆಯಲು ಕೇಳಿಕೊಂಡದ್ದೂ ಹೌದು, ಗಂಡನ ದಿನಚರಿಗಳನ್ನು ಕೊಟ್ಟದ್ದೂ ಹೌದು ಎಂದು ಒಪ್ಪಿಕೊಂಡಳು. ತಾಯಿಗೆ ಇದು ಗೊತ್ತಿತ್ತೇ ಎಂದಾಗ ಮಾತ್ರ ಇಲ್ಲವೆಂದಳು. ಆಸ್ತಿ ಮುಟ್ಟುಗೋಲಾಯಿತು. ಪುಸ್ತಕವನ್ನು ನಾಶಮಾಡಬೇಕೆಂದು ಆಜ್ಞೆಯಾಯಿತು. ಆದರೂ ಅವಳು ಅದನ್ನು ಉಳಿಸಿಕೊಂಡು, ತನ್ನ ಗಡೀಪಾರಿಗೆ ಕಾರಣವಾದ ಆ ಪುಸ್ತಕವನ್ನೇ ಜೊತೆಗೆ ಒಯ್ದಳು. ಇದನ್ನೆಲ್ಲ ಬರೆದಿಟ್ಟವನು ಅವಳನ್ನು ಬಲ್ಲ ಪ್ಲಿನಿ.

ತಾಳ್ಮೆಯೆಂದರೆ ಇದು. ಆಸ್ತಿ ಅವಳ ಕೈಯಲ್ಲಿರಲಿಲ್ಲ, ಸುಳ್ಳು ಹೇಳಿ ಬಚಾವಾಗದಿರುವುದು ಅವಳ ಕೈಯಲ್ಲಿತ್ತು. ‘ನಿನ್ನ ಕೈಯಲ್ಲಿರುವುದು ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಒಮ್ಮೊಮ್ಮೆ ‘ಸುಮ್ಮನಿರುವುದು’ ಎಂದಾಗಬಹುದು. ಆದರೆ ‘ಬಾಗಿಲು ತೆರೆದು ಹೊರನಡೆಯುವುದು’ ಎಂದೂ ಆಗಬಹುದಲ್ಲವೇ?

ಎಪಿಕ್ಟೆಟಸನ ಗುರು ಮುಸೋನಿಯಸ್ ರೂಫಸ್ ಹೆಂಗಸರಿಗೂ ಗಂಡಸರಿಗೂ ದೇವರು ಕೊಟ್ಟ ವಿವೇಕ ಒಂದೇ, ಆದ್ದರಿಂದ ಹೆಣ್ಣುಮಕ್ಕಳೂ ತತ್ತ್ವ ಕಲಿಯಬೇಕು ಎಂದು ವಾದಿಸಿದ್ದ. ಅದನ್ನು ಮಾಡಿ ತೋರಿಸಿದವಳು ಮಾತ್ರ ಬಹಳ ಕಾಲದ ನಂತರ ಇಂಗ್ಲೆಂಡಿನಲ್ಲಿ ಹುಟ್ಟಿದಳು. ಡೀಲ್ ಎಂಬ ಕಡಲ ತೀರದ ಊರಿನ ಪಾದ್ರಿಯ ಮಗಳು ಎಲಿಜಬೆತ್ ಕಾರ್ಟರ್ (1717–1806) ತಂದೆಯಿಂದ ಗ್ರೀಕ್ ಕಲಿತಳು. ಜೀವನವಿಡೀ ತಲೆನೋವು ಅವಳನ್ನು ಕಾಡಿತು. ಗೆಳತಿ ಕ್ಯಾಥರಿನ್ ಟಾಲ್ಬಟ್‌ಗಾಗಿ 1749ರಲ್ಲಿ ಎಪಿಕ್ಟೆಟಸನನ್ನು ಅನುವಾದಿಸಲು ಕೂತಳು. ನಡುವೆ ತಮ್ಮನನ್ನು ಕೇಂಬ್ರಿಡ್ಜ್ ಓದಿಗೆ ಸಿದ್ಧಗೊಳಿಸುವ ಕೆಲಸವೂ ಅವಳದೇ. ಎಪಿಕ್ಟೆಟಸನ ಜೀವನಚರಿತ್ರೆಯನ್ನೂ ಬರೆದುಕೊಡು ಎಂದಾಗ, ಹೊಲಿಯಲು ಒಂದು ಡಜನ್ ಅಂಗಿ ಬಾಕಿ ಇವೆಯಾದ್ದರಿಂದ ಬರೆಯುವವಳು ತಾನಾಗಿರಲಾರೆ ಎಂದು ತಮಾಷೆಯಾಗಿ ಉತ್ತರಿಸಿದಳು. 1758ರಲ್ಲಿ ಪುಸ್ತಕ ಹೊರಬಂತು. ಎಪಿಕ್ಟೆಟಸನ ಉಳಿದ ಮಾತುಗಳೆಲ್ಲ ಇಂಗ್ಲಿಷಿಗೆ ಬಂದದ್ದು ಅದೇ ಮೊದಲು. ಮುಂಗಡ ಚಂದಾದಾರರಿಂದ ಅವಳಿಗೆ ಸುಮಾರು ಸಾವಿರ ಪೌಂಡು ಸಿಕ್ಕಿತು. ಆಕೆ ಎಪಿಕ್ಟೆಟಸನನ್ನು ಅನುವಾದಿಸಿದಷ್ಟೇ ಚೆನ್ನಾಗಿ ಪುಡ್ಡಿಂಗ್ ಕೂಡ ಮಾಡಬಲ್ಲಳು ಎಂದು ಪಂಡಿತ ಸ್ಯಾಮುಯೆಲ್ ಜಾನ್ಸನ್ ಹೊಗಳಿದ. ಗಂಡಸು ಅನುವಾದಕರ ಅಡುಗೆಯ ಬಗ್ಗೆ ಅವನು ವಿಚಾರಿಸಿದ್ದನೋ ಏನೋ!

ಇತ್ತೀಚಿನ ಮನೋಚಿಕಿತ್ಸೆಯೂ ಈ ಜಗಲಿಯ ಸಾಲ ಹೊತ್ತಿದೆ. 1950ರ ದಶಕದಲ್ಲಿ ಚಿಕಿತ್ಸಾಕ್ರಮವೊಂದನ್ನು ರೂಪಿಸಿದ ಅಮೆರಿಕದ ಆಲ್ಬರ್ಟ್ ಎಲ್ಲಿಸ್, ಅವರ ನಂತರ ಆರನ್ ಬೆಕ್, ಇಬ್ಬರೂ ಸ್ಟೋಯಿಕರ ಋಣವನ್ನು ಒಪ್ಪಿಕೊಂಡವರು. ಹಾಗೆಂದು ದಿನಗಟ್ಟಲೆ ಹಾಸಿಗೆಯಿಂದ ಏಳಲಾಗದ ಖಿನ್ನತೆಗೆ ಎಪಿಕ್ಟೆಟಸನ ಕೈಪಿಡಿ ಸಾಲದು, ವೈದ್ಯರ ಬಳಿಗೆ ಹೋಗಬೇಕು. ಜಗಲಿಯವರಿಗೂ ಮಿತಿಗಳಿದ್ದವು. ಗುಲಾಮನೇ ಗುರುವಾದರೂ ಗುಲಾಮಗಿರಿ ಅಳಿಯಬೇಕೆಂದು ಅವರು ಚಳವಳಿ ಹೂಡಲಿಲ್ಲ.

ಅವರಲ್ಲೊಬ್ಬನಾದ ಸೆನೆಕಾ ರಾತ್ರಿ ದೀಪ ತೆಗೆದ ಮೇಲೆ, ತನ್ನ ರೂಢಿ ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಅಂದಿನ ತನ್ನ ನಡೆನುಡಿಯನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕುತ್ತಿದ್ದನಂತೆ. ಕತ್ತಲಲ್ಲಿ ಸುಮ್ಮನೆ ಮಲಗಿದ್ದ ಆ ಹೆಂಡತಿ ಯಾವ ಲೆಕ್ಕ ಹಾಕುತ್ತಿದ್ದಳೋ, ಅವನು ಬರೆದಿಲ್ಲ. ಹಾಲಿಗೆ ಹೆಪ್ಪು ಹಾಕಿ, ಕಟ್ಟೆ ಒರೆಸಿ, ದೀಪ ಆರಿಸುವ ಹೊತ್ತಿಗೆ ನನಗೆ ಅವಳ ನೆನಪೇ ಹೆಚ್ಚು ಬರುತ್ತದೆ. ಅವಳ ಲೆಕ್ಕವನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.