ಕೊಳದ ದಂಡೆ ಮೇಲೆ ಹುಡುಗಿ ಕೇಳಿದ ಪ್ರಶ್ನೆ



ಹೋದ ಭಾನುವಾರ ಕತ್ತಲಗೆರೆಯಿಂದ ನಮ್ಮ ಕೇರಿಯವರೆಲ್ಲ ಸೇರಿ ಒಂದು ಮಿನಿ ಬಸ್ ಮಾಡ್ಕೊಂಡು ಹಂಪಿಗೆ ಹೋಗಿದ್ವಿ. ಒಬ್ಬ ಗೈಡನ್ನೂ ಗೊತ್ತು ಮಾಡಿದ್ವಿ. ಒಳ್ಳೆ ಮಾತುಗಾರ. ಕಲ್ಲಿನ ರಥ, ಕಮಲ ಮಹಲ್, ಆನೆ ಲಾಯ, ಒಂದೂ ಬಿಡದೆ ತೋರಿಸಿದ. ಎಲ್ಲಿ ನಿಂತರೂ ಒಂದೇ ಮಾತು: ಇದನ್ನ ಕಟ್ಟಿಸಿದ್ದು ಇಂಥ ರಾಯ.

ಅರಮನೆ ಆವರಣದ ಕರಿಕಲ್ಲಿನ ಮೆಟ್ಟಿಲುಕೊಳದ ಹತ್ರ ಬಂದಾಗ ಹೈಸ್ಕೂಲು ಓದೋ ಹುಡುಗಿಯೊಬ್ಬಳು ಕೇಳಿದ್ಲು: "ಅಣ್ಣಾ, ಈ ನೀರು ಮುಟ್ಟೋಕೆ ನಮ್ಮೋರಿಗೆ ಬಿಡ್ತಿದ್ರಾ?"

ಗೈಡು ನಕ್ಕು, "ಇದು ರಾಜರ ಕೊಳ ಕಣಮ್ಮಾ" ಅಂದು ಮುಂದೆ ಹೋದ. ಅವನದೇನೂ ತಪ್ಪಿಲ್ಲ. ಅವನಿಗೆ ಕಲಿಸಿದ ಚರಿತ್ರೆಯಲ್ಲಿ ಆ ಪ್ರಶ್ನೆಯೇ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗರಿಗೆ ಇನ್ನೊಂದು ಪ್ರವಾಸದ ಕತೆ ಹೇಳಿದೆ. ಇಲ್ಲೂ ಬರೀತೀನಿ.

1934ನೇ ಇಸವಿ. ಬಾಬಾಸಾಹೇಬರು ಚಳವಳಿಯ ಸಂಗಾತಿಗಳ ಜೊತೆ ವೇರೂಳದ ಬೌದ್ಧ ಗುಹೆ ನೋಡೋಕೆ ಹೊರಟಿದ್ರು. ಸುಮಾರು 30 ಜನ. ದಾರಿಯಲ್ಲಿ ನಿಜಾಮರ ಸೀಮೆಯ ದೌಲತಾಬಾದ್ ಕೋಟೆ. ಧೂಳು ಮೆತ್ತಿದ್ದ ಮೈ. ಕೋಟೆ ಬಾಗಿಲ ಬಳಿ ಸಣ್ಣ ಕೊಳದಲ್ಲಿ ಕೈಕಾಲು ಮುಖ ತೊಳೆದ್ರು. ಅಷ್ಟಕ್ಕೇ ಒಬ್ಬ ಮುದುಕ, ಕೊಳ ಮೈಲಿಗೆ ಆಯ್ತು ಅಂತ ಕೂಗುತ್ತಾ ಓಡಿ ಬಂದ. ಜನ ಸೇರಿ ಬೈದ್ರು. ಕೊನೆಗೆ ಒಳಗೆ ಬಿಟ್ರು, ಆದರೆ ಕೋಟೆಯಲ್ಲಿ ಎಲ್ಲೂ ನೀರು ಮುಟ್ಟಬಾರದು ಅಂತ ಶರತ್ತು. ಕಾವಲಿಗೆ ಒಬ್ಬ ಬಂದೂಕಿನ ಸಿಪಾಯಿ!

ಲೆಕ್ಕ ಹಾಕ್ರಿ. 1927ರ ಮಾರ್ಚ್ 20ಕ್ಕೆ ಮಹಾಡಿನ ಚವದಾರ ಕೆರೆ ನೀರು ಕುಡಿದ ಮನುಷ್ಯ, ಬ್ಯಾರಿಸ್ಟರ್. ಏಳು ವರ್ಷ ಆದ ಮೇಲೂ ಹಾಳು ಕೋಟೆಯ ನೀರು ಅವರಿಗೆ ಸಿಗಲಿಲ್ಲ.

ಅಲ್ಲಿ ತಡೆದವರು ಮುಸ್ಲಿಮರು. ಇದನ್ನೇ ಹಿಡ್ಕೊಂಡು ಒಂದು ಧರ್ಮದ ಮೇಲೆ ಎಗರಾಡೋರು, ಅದೇ ಬರಹದಲ್ಲಿ ಹಿಂದೂ ಗಾಡಿಯವರು ಮತ್ತು ಬರೋಡಾದ ಪಾರ್ಸಿಗಳು ಮಾಡಿದ್ದನ್ನೂ ಓದಲಿ. ಹಿಂದೂಗಳಿಗೆ ಅಸ್ಪೃಶ್ಯನಾದವನು ಉಳಿದವರಿಗೂ ಅಸ್ಪೃಶ್ಯನೇ ಅನ್ನೋದನ್ನ ತೋರಿಸೋಕೇ ಬಾಬಾಸಾಹೇಬರು ಅದನ್ನ ಬರೆದಿಟ್ಟಿದ್ದು.

ಮತ್ತೆ ಹಂಪಿಗೆ ಬರೋಣ. ಆ ಕರಿಕೊಳ ಮಣ್ಣಿನಿಂದ ಹೊರಗೆ ಬಂದಿದ್ದು 1980ರ ದಶಕದ ಉತ್ಖನನದಲ್ಲಿ. ಯಾವ ಕಲ್ಲು ಯಾವ ದಿಕ್ಕು, ಯಾವ ಸಾಲು ಅಂತ ಕಲ್ಲುಗಳ ಮೇಲೇ ಗುರುತು ಕೊರೆದಿದ್ದಾರೆ. ಕೆಲಸಗಾರನ ಲೆಕ್ಕ ಅದು. ಕಲ್ಲಿನ ನಂಬರ್ ಉಳಿದಿದೆ, ಕೊರೆದವನ ಹೆಸರಿಲ್ಲ.

ಕೃಷ್ಣದೇವರಾಯನ ಕಾಲಕ್ಕೆ ಬಂದಿದ್ದ ಪೋರ್ಚುಗೀಸ್ ಡೊಮಿಂಗೊ ಪಾಯಸ್, ರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ 15-20 ಸಾವಿರ ಜನ ದುಡಿಯೋದನ್ನ ಕಣ್ಣಾರೆ ಕಂಡೆ ಅಂತಾನೆ. ಕೆರೆ ಮತ್ತೆ ಮತ್ತೆ ಒಡೀತು ಅಂತ 60 ಜನರ ತಲೆ ಕಡಿಸಿದ್ರು, ಕುದುರೆ ಕೋಣಗಳ ಜೊತೆಗೆ ಅಂತಾನೂ ಬರೀತಾನೆ. ಅವರು ಮರಣದಂಡನೆಯ ಕೈದಿಗಳು ಅಂತ ಆಮೇಲೆ ಬಂದ ನೂನಿಜ್ ಬರೀತಾನೆ. ಹೆಸರು ಇಬ್ಬರೂ ಬರೆದಿಲ್ಲ. ಗೈಡ್ ಬಾಯಲ್ಲಿ ಆ ಕೆರೆಯೂ ಬರಲಿಲ್ಲ, ಆ 60 ಜನರೂ ಬರಲಿಲ್ಲ.

ಇವತ್ತು ನಮ್ಮ ಹುಡುಗಿ ಟಿಕೆಟ್ ತಗೊಂಡು ಆ ಕೊಳದ ದಂಡೆ ಮೇಲೆ ನಿಂತು ಪ್ರಶ್ನೆ ಕೇಳಿದ್ಲು. ಆ ಧೈರ್ಯ ಯಾವ ರಾಯನೂ ಕೊಟ್ಟಿದ್ದಲ್ಲ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೆಸರು ಹಿಡಿದು ಬರೆದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ದೌಲತಾಬಾದಿನ ಆ ದಿನ ಅನುಭವಿಸಿದವರೇ ಕರಡು ಸಮಿತಿಯ ಅಧ್ಯಕ್ಷರಾಗಿದ್ರು ಅನ್ನೋದನ್ನ ಮರೀಬೇಡಿ.

ಹಂಪಿಗೆ ಹೋಗಿ, ಬೇಲೂರಿಗೆ ಹೋಗಿ, ದೂರ ಬೇಡ ಅಂದ್ರೆ ಪಕ್ಕದ ಸಂತೇಬೆನ್ನೂರು ಪುಷ್ಕರಣಿಗೆ ಹೋಗಿ. ಫೋಟೋನೂ ತೆಗೀರಿ, ಆ ಕಲ್ಲಿನಲ್ಲಿ ನಮ್ಮೋರ ಬೆವರೂ ಇದೆ. ಆದರೆ ಮಕ್ಕಳ ಬಾಯಿ ಮುಚ್ಚಿಸಬೇಡಿ. ಕಟ್ಟಿಸಿದವರು ಯಾರು ಅಂತ ಗೈಡ್ ಹೇಳ್ತಾನೆ. ಕಟ್ಟಿದವರು ಯಾರು, ನೀರು ಯಾರಿಗೆ ಸಿಕ್ತು ಅಂತ ನಾವೇ ಕೇಳಬೇಕು.

ಜೈ ಭೀಮ್.