ಹಾರ್ನಡೆಯೂ ಬೈಸನ್ ಹಿಂಡೂ

ನಮ್ಮ ಮಲೆನಾಡಿನ ಕಾಟಿಯನ್ನು ಇಂಗ್ಲಿಷ್ ಬೇಟೆಗಾರರು ಬೈಸನ್ ಎಂದು ಕರೆದು ಒಂದು ತೊಡಕನ್ನು ಉಂಟುಮಾಡಿದರು. ಅಮೆರಿಕದ ಬೈಸನ್ ಬೇರೆಯೇ ಪ್ರಾಣಿ. ಅಲ್ಲಿಯ ಹುಲ್ಲುಗಾವಲುಗಳಲ್ಲಿ ಒಂದಾನೊಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದುದು. ಅದರ ಉಳಿವಿನೊಡನೆ ಹೆಸರು ಬೆರೆತುಹೋಗಿರುವ ಮೃಗಾಲಯಾಧಿಕಾರಿ ವಿಲಿಯಂ ಟೆಂಪಲ್ ಹಾರ್ನಡೆಯ ಚರಿತ್ರೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

1854ರಲ್ಲಿ ಇಂಡಿಯಾನದಲ್ಲಿ ಹುಟ್ಟಿದ ಆತನು ಮೊದಲು ಕಲಿತದ್ದು, ಸತ್ತ ಮೃಗದ ಚರ್ಮವನ್ನು ಹದಮಾಡಿ ಜೀವಂತವೋ ಎಂಬಂತೆ ನಿಲ್ಲಿಸುವ ವಿದ್ಯೆಯನ್ನು. ಆ ಕೆಲಸದ ಮೇಲೆಯೇ 1877ರಲ್ಲಿ ನಮ್ಮ ದೇಶಕ್ಕೂ ಬಂದು, ಆನೆಮಲೆಯ ಕಾಡುಗಳಲ್ಲಿ ಆನೆ ಹುಲಿಗಳನ್ನು ಹೊಡೆದು ಅವುಗಳ ಚರ್ಮವನ್ನೂ ಅಸ್ಥಿಗಳನ್ನೂ ಸಾಗಿಸಿದನು.

ಮನಸ್ಸು ತಿರುಗಿದ್ದು 1886ರಲ್ಲಿ. ಬೈಸನ್ ಮುಗಿದುಹೋಗುವ ಮುನ್ನ ಕೆಲವು ಚರ್ಮಗಳನ್ನಾದರೂ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ತರಬೇಕೆಂದು ಮೊಂಟಾನಕ್ಕೆ ಹೋದವನಿಗೆ ಕಂಡದ್ದು ಬಯಲಿನ ತುಂಬ ಬಿಳುಪೇರಿದ ಎಲುಬುಗಳು. ಆದರೂ ಅಲೆದಾಡಿ, ಉಳಿದವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚನ್ನು ಕೊಂದೇ ಹಿಂದಿರುಗಿದನು! ಜೊತೆಗೆ ತಂದಿದ್ದ ಒಂದು ಕರು ಆ ಬೇಸಗೆಯಲ್ಲಿಯೇ ಸತ್ತಿತು. ಖಂಡದಲ್ಲೆಲ್ಲ ಉಳಿದಿರುವುದು 1,091 ಎಂದು ಆತನು 1889ರಲ್ಲಿ ಲೆಕ್ಕ ಕೊಟ್ಟನು. ಸತ್ತುದನ್ನು ನಿಲ್ಲಿಸುವುದಕ್ಕಿಂತ ಬದುಕಿರುವುದನ್ನು ಸಾಕುವುದೇ ಮೇಲೆಂಬ ಅರಿವು ಇಷ್ಟು ರಕ್ತದ ಮೇಲೆ ಬಂದಿತು.

1896ರಲ್ಲಿ ನ್ಯೂಯಾರ್ಕಿನ ಪ್ರಾಣಿಸಂಘವು ಆತನನ್ನು ನಿರ್ದೇಶಕನನ್ನಾಗಿ ನೇಮಿಸಿತು; 1899ರಲ್ಲಿ ಬ್ರಾಂಕ್ಸ್ ಮೃಗಾಲಯ ತೆರೆಯಿತು. ಅಲ್ಲಿ ಬೆಳೆಸಿದ ಹಿಂಡಿನಿಂದ ಹದಿನೈದು ಬೈಸನ್‌ಗಳನ್ನು 1907ರ ಅಕ್ಟೋಬರಿನಲ್ಲಿ ರೈಲುಗಾಡಿಯ ಮೇಲೆ ಓಕ್ಲಹೋಮಾದ ವಿಚಿಟಾ ಬೆಟ್ಟಗಳಿಗೆ ಕಳುಹಿಸಲಾಯಿತು. ಹುಲ್ಲುಗಾವಲಿನ ಮೃಗವು ಮಹಾನಗರದಿಂದ ಹುಲ್ಲುಗಾವಲಿಗೆ ಹಿಂದಿರುಗಿತು. ಆ ಪ್ರಾಣಿಯನ್ನೇ ನಂಬಿ ಬಾಳಿದ್ದ ಕಮಾಂಚಿ ಜನರು ಅವುಗಳನ್ನು ನೋಡಲು ಬಂದು ನೆರೆದರು. ಮುದುಕರು ಬಲ್ಲ ಮೃಗವನ್ನು ಮಕ್ಕಳು ಅಂದು ಮೊದಲು ಕಂಡಿರಬೇಕು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅಪಚಾರವಾದೀತು. ಅದಕ್ಕೆ ಹಿಂದಿನ ವರ್ಷವೇ, 1906ರ ಸೆಪ್ಟೆಂಬರಿನಲ್ಲಿ, ಇದೇ ಮೃಗಾಲಯದ ವಾನರಗೃಹದಲ್ಲಿ ಕಾಂಗೋ ದೇಶದ ಓಟಾ ಬೆಂಗಾ ಎಂಬ ಯುವಕನನ್ನು ಜನರ ನೋಟಕ್ಕೆ ಇರಿಸಲಾಗಿತ್ತು. ಕರಿಯ ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅವನನ್ನು ಬಿಟ್ಟರು. ಹಾರ್ನಡೆ ತಪ್ಪೊಪ್ಪಿಕೊಳ್ಳಲಿಲ್ಲ. ಓಟಾ ಬೆಂಗಾ 1916ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಮೃಗದ ಸಂಕಟವನ್ನು ಅಷ್ಟು ಬಲ್ಲ ಕಣ್ಣಿಗೆ ಮನುಷ್ಯನ ಸಂಕಟವು ಕಾಣದೆಹೋದದ್ದು ಹೇಗೆಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಆ ಸಂಘವು ಕ್ಷಮೆ ಕೇಳಿದ್ದು 2020ರಲ್ಲಿ.

1926ರಲ್ಲಿ ಆತನು ಅಧಿಕಾರದಿಂದ ನಿವೃತ್ತನಾದನು. ಆಗ ವಯಸ್ಸು ಎಪ್ಪತ್ತೊಂದು ದಾಟಿತ್ತು. ವಿಶ್ರಾಂತಿಯ ಸ್ವಭಾವವಂತೂ ಅವನದಲ್ಲ. ವನ್ಯಜೀವಿಗಳ ರಕ್ಷಣೆಗೆಂದು ತಾನೇ ಕೂಡಿಸಿದ್ದ ನಿಧಿಯ ಬಲದಿಂದ ಕರಪತ್ರಗಳನ್ನು ಅಚ್ಚುಹಾಕಿಸುತ್ತ, ಬೇಟೆಗಾರನೊಬ್ಬನು ದಿನಕ್ಕೆ ಇಷ್ಟೇ ಹಕ್ಕಿಗಳನ್ನು ಹೊಡೆಯಬೇಕೆಂಬ ಮಿತಿಯನ್ನು ಇನ್ನೂ ತಗ್ಗಿಸಿರೆಂದು ಹಟ ಹಿಡಿದನು. ಸ್ನೇಹಿತರನ್ನೂ ಬೈದನು. 1931ರಲ್ಲಿ, ಈ ಹೋರಾಟದ ವೃತ್ತಾಂತವನ್ನೇ ಪುಸ್ತಕವಾಗಿ ಪ್ರಕಟಿಸಿದನು.

1937ರ ಮಾರ್ಚಿಯಲ್ಲಿ ಸ್ಟ್ಯಾಮ್‌ಫರ್ಡಿನಲ್ಲಿ ತೀರಿಕೊಂಡನು. ಯೆಲ್ಲೋಸ್ಟೋನಿನ ಒಂದು ಶಿಖರಕ್ಕೆ ಅವನ ಹೆಸರಿದೆ. ವಿಚಿಟಾದಲ್ಲಿ ಆ ಹದಿನೈದರ ಸಂತತಿ ಈಗ ನೂರಾರಾಗಿ ಮೇಯುತ್ತಿದೆ.